ಮದುವೆಗೆ ಬಾಡಿಗೆ ಹೋಗುವ ಅರಮನೆ, ಮೂವತ್ತೊಂದಕ್ಕೇ ಹೋದ ದೊರೆ

ಪಾವಗಡದಲ್ಲಿ ಬೆಳಗಿನ ಬಸ್ಸು ಹತ್ತಿ, ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿಗೆ ಸರಕು ತರಲು ಹೋಗುವ ನಮ್ಮ ಅಂಗಡಿಯವರಿಗೆ ಪ್ಯಾಲೇಸ್ ಗ್ರೌಂಡ್ಸ್ ಗೊತ್ತು. ದೊಡ್ಡವರ ಮನೆಯ ಮದುವೆ, ಆರತಕ್ಷತೆ, ರಾತ್ರಿಯೆಲ್ಲಾ ಪಾಟು ಬಾರಿಸುವ ಸಂಗೀತ ಎಲ್ಲಾ ಅಲ್ಲೇ. ಮೆಖ್ರಿ ಸರ್ಕಲ್ ಹತ್ತಿರ ಟ್ರಾಫಿಕ್ ಕಟ್ಟಿತು ಅಂದರೆ ಇವತ್ತು ಯಾರದೋ ಲಗ್ನ ಅಂತ ಕಂಡಕ್ಟರೇ ಹೇಳಿಬಿಡುತ್ತಾನೆ. ಮೈದಾನ ಎಲ್ಲರಿಗೂ ಗೊತ್ತು. ಅದರ ನಡುವೆ ನಿಂತಿರುವ ಮನೆಗೆ ಮೊದಲ ಯಜಮಾನನಾದ ರಾಜ ಯಾರು ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ನಾಲ್ವಡಿ ಕೃಷ್ಣರಾಜ ಒಡೆಯರು ಅಂತಾರೆ. ತಪ್ಪು. ಅವರ ತಂದೆ ಚಾಮರಾಜೇಂದ್ರ ಒಡೆಯರು.

ಇವರು ಹುಟ್ಟಿದ್ದು 1863ರ ಫೆಬ್ರವರಿ 22ರಂದು, ಅರಸು ಮನೆತನದಲ್ಲಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕ್ಕೆ ಗಂಡು ಸಂತಾನ ಇರಲಿಲ್ಲ. 1831ರಿಂದ ರಾಜ್ಯವೂ ಕೈಯಲ್ಲಿರಲಿಲ್ಲ, ಬ್ರಿಟಿಷ್ ಕಮಿಷನರುಗಳೇ ಆಳುತ್ತಿದ್ದರು. ಮುದಿ ದೊರೆ 1865ರ ಜೂನ್‌ನಲ್ಲಿ ಈ ಎರಡು ವರ್ಷದ ಕೂಸನ್ನು ದತ್ತು ತಗೊಂಡರು. ದತ್ತು ಒಪ್ಪಲ್ಲ ಅಂತ ಬ್ರಿಟಿಷರು ಮೊದಲು ಮುಖ ತಿರುಗಿಸಿದರು. 1867ರಲ್ಲಿ ಲಂಡನ್ನಿನಿಂದಲೇ ಒಪ್ಪಿಗೆ ಬಂತು. ಮಾರನೆ ವರ್ಷ ಮುಮ್ಮಡಿಯವರು ತೀರಿಕೊಂಡರು. ಐದು ವರ್ಷದ ಹುಡುಗ ಗದ್ದಿಗೆ ಏರಿದ.

ಗದ್ದಿಗೆ ಮಾತ್ರ ಹುಡುಗನದು, ಹುಕುಂ ಸಾಹೇಬರದು. ಕರ್ನಲ್ ಮ್ಯಾಲೆಸನ್ ಅಂತ ಒಬ್ಬರು ಪೋಷಕರಾಗಿ ಬಂದರು. ಹುಡುಗನಿಗೆ ಇಂಗ್ಲಿಷ್ ಓದು, ಕುದುರೆ ಸವಾರಿ, ಕ್ರಿಕೆಟ್ಟು ಕಲಿಸುವ ಏರ್ಪಾಡಾಯಿತು. ಬೆಂಗಳೂರಿನಲ್ಲಿ ಇರಲು ಒಂದು ಮನೆ ಬೇಕಿತ್ತು. ಅಲ್ಲಿನ ಸೆಂಟ್ರಲ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಪಾದ್ರಿ ಗ್ಯಾರೆಟ್ ಅವರದು ಒಂದು ಬಂಗಲೆ ಇತ್ತು. 1873ರಲ್ಲಿ ಹುಡುಗನ ಸ್ವಂತ ಗಂಟಿನಿಂದ 40,000 ರೂಪಾಯಿ ಕೊಟ್ಟು ಅದನ್ನು ಕೊಂಡರು. ಆಗ ಯಜಮಾನನಿಗೆ ಹತ್ತು ವರ್ಷ. 1874ರಲ್ಲಿ ಶುರುವಾದ ಕೆಲಸ 1878ರ ತನಕ ನಡೆಯಿತು. ಬುರುಜು, ಕೋಟೆಯ ತೆನೆಯಂಥ ಅಂಚು, ಬಣ್ಣದ ಗಾಜಿನ ಕಿಟಕಿ, ಮೇಲುಮಹಡಿಯಲ್ಲಿ ದರ್ಬಾರು ಹಾಲು. ನಮ್ಮ ಕಡೆಯ ತೊಟ್ಟಿಮನೆ ಕಂಡವರಿಗೆ ಇದು ಇಂಗ್ಲೆಂಡಿನಿಂದ ಹೊತ್ತು ತಂದಿಟ್ಟ ಹಾಗೆ ಕಾಣುತ್ತೆ. ಒಳಗೆ ಅಂಗಳ ಇದೆ ಅನ್ನೋದೊಂದೇ ಸಮಾಧಾನ.

ಈಗ ಆ ತಾರೀಖುಗಳನ್ನು ಇನ್ನೊಮ್ಮೆ ನೋಡಿ. 1874ರಿಂದ 1878. ನಮ್ಮ ತಾಲ್ಲೂಕಿನ ಹಳೇ ಮಂದಿ ತೆಲುಗಿನಲ್ಲಿ ಧಾತ ಕರುವು ಅಂತ ಹೇಳುತ್ತಿದ್ದದ್ದು ಈ ಕಾಲದ ಬರವನ್ನೇ. ಧಾತು, ಈಶ್ವರ ಎರಡು ಸಂವತ್ಸರ, ಅಂದರೆ 1876ರಿಂದ 1878. ಮಳೆ ಕೈಕೊಟ್ಟಿತು, ರಾಗಿ ಕಣಜ ಖಾಲಿಯಾಯಿತು, ದನಕರು ಸತ್ತವು, ಆಮೇಲೆ ಜನ. 1871ರ ಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಎಂಟೂ ಮುಕ್ಕಾಲು ಲಕ್ಷ ಜನ ಲೆಕ್ಕದಿಂದಲೇ ಮಾಯ. ನೂರು ಮನೆಯ ಹಳ್ಳಿಯಲ್ಲಿ ಹದಿನೇಳು ಮನೆಗೆ ಬೀಗ ಬಿದ್ದ ಹಾಗೆ. ಬೆಂಗಳೂರಿನಲ್ಲಿ ಹುಡುಗ ರಾಜನ ಮನೆಗೆ ಸುಣ್ಣ ಬಣ್ಣ ಆಗುತ್ತಿದ್ದಾಗ ಬೆಂಗಳೂರಿನ ರಸ್ತೆಗಳಿಗೇ ಹಸಿದವರು ಬಂದು ಬೀಳುತ್ತಿದ್ದರು. ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ, ಖರ್ಚಿನ ಕೈ ಬೇರೆಯವರದು. ಆದರೆ ಆ ಕಿಟಕಿ ಗಾಜು ನೋಡುವಾಗ ಬರಗಾಲದ ಸೀಮೆಯವರಾದ ನಮಗೆ ಇದು ನೆನಪಾಗದೆ ಇರೋದು ಕಷ್ಟ.

1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯ ವಾಪಸ್ ಕೊಟ್ಟರು. ಐವತ್ತು ವರ್ಷದ ಮೇಲೆ ಅರಸನ ಕೈಗೆ ಅಧಿಕಾರ ಬಂತು. ಅರಸನಿಗೆ ಹದಿನೆಂಟು. ಜೊತೆಗೆ ಬಂದದ್ದು ಬರದ ಸಾಲ 80 ಲಕ್ಷ ರೂಪಾಯಿ! ಅದರ ಮೇಲೆ ಬ್ರಿಟಿಷರಿಗೆ ವರ್ಷವರ್ಷ ಕಟ್ಟಬೇಕಾದ ಕಪ್ಪ ಬೇರೆ. ಅಂಗಡಿ ಬಾಗಿಲು ತೆಗೆದ ದಿನವೇ ಸಾಲಗಾರ ಜಗಲಿ ಮೇಲೆ ಕೂತ ಹಾಗಾಯಿತು.

ಆ ವರ್ಷದ ದಸರಾದಲ್ಲೇ, ಅಕ್ಟೋಬರ್ 7ರಂದು, ಪ್ರಜಾ ಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ದಿವಾನ್ ರಂಗಾಚಾರ್ಲು ಮುಂದೆ ನಿಂತು ನಡೆಸಿದರು. 144 ಜನ ಸದಸ್ಯರು. ಒಂದೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ಜಮೀನಿರುವ ರೈತರು, ಜಿಲ್ಲೆಗೆ ಮೂರು ನಾಲ್ಕು ಜನ ವರ್ತಕರು. ಹೌದು, ವರ್ತಕರು. ಇಂಡಿಯಾದ ಸಂಸ್ಥಾನಗಳಲ್ಲಿ ಇಂಥದ್ದು ಮೊದಲು. ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಹೇಳಿಕೊಳ್ಳುವ ಹಕ್ಕು ಮಾತ್ರ. ಕೂಲಿಯವನಿಗೆ, ಹೆಂಗಸರಿಗೆ ಅದೂ ಇರಲಿಲ್ಲ. ಆದರೂ ಹಳ್ಳಿ ಗೌಡ ದಿವಾನರ ಎದುರು ನಿಂತು ಕೆರೆ ಒಡೆದಿದೆ ಅಂತ ಹೇಳುವಂತಾಯಿತು. 1891ರಿಂದ ಚುನಾವಣೆಯೂ ಬಂತು.

ರಂಗಾಚಾರ್ಲು 1883ರಲ್ಲೇ ತೀರಿಕೊಂಡರು. ಶೇಷಾದ್ರಿ ಅಯ್ಯರ್ ಬಂದರು. ಮುಂದಿನದೆಲ್ಲಾ ಅಯ್ಯರ್ ಕೆಲಸ, ರಾಜ ಬರೀ ರುಜು ಹಾಕಿದ್ದು ಅನ್ನುವವರಿದ್ದಾರೆ. ಒಳ್ಳೆ ದಿವಾನನನ್ನು ಹುಡುಕಿ, ಕಿವಿ ಕಚ್ಚುವವರ ಮಾತಿಗೆ ಕದಲದೆ ಹನ್ನೊಂದು ವರ್ಷ ಇಟ್ಟುಕೊಳ್ಳುವುದೂ ಕೆಲಸವೇ. ಕೋಲಾರದ ಚಿನ್ನ ಸಿಕ್ಕಿತು. ಸಾಲ ಇಳಿಯಿತು. 1884ರಲ್ಲಿ ತುಮಕೂರಿಗೆ ರೈಲು ಬಂತು. ಪಾವಗಡಕ್ಕೆ ಬರಲಿಲ್ಲ, ಆ ಪುರಾಣ ಇನ್ನೊಂದು ದಿನ.

ದೊರೆಗೆ ನಾಟಕ, ಸಂಗೀತದ ಹುಚ್ಚು. ಬಸವಪ್ಪ ಶಾಸ್ತ್ರಿಗಳ ಕೈಲಿ ಶಾಕುಂತಲ ಕನ್ನಡಕ್ಕೆ ಬಂದದ್ದು, ಅರಮನೆಯ ನಾಟಕ ಕಂಪನಿ ಕಟ್ಟಿದ್ದು ಇವರ ಆಶ್ರಯದಲ್ಲಿ. ಮೈಸೂರಿನ ಮೃಗಾಲಯ 1892ರದು, ಇವರದೇ. ವಿವೇಕಾನಂದರು ಅದೇ ವರ್ಷ ಮೈಸೂರಿಗೆ ಬಂದು ಇವರ ಅತಿಥಿಯಾಗಿದ್ದರು. ಬೆಂಗಳೂರಿನ ಚಾಮರಾಜಪೇಟೆ ಇವರ ಹೆಸರಿನದು. ಚಾಮರಾಜನಗರ ಇವರದಲ್ಲ, ಅದು ಮುಮ್ಮಡಿಯವರ ತಂದೆಯ ಹೆಸರು.

1894ರಲ್ಲಿ ಬಾಲ್ಯವಿವಾಹ ತಡೆಯುವ ಕಾಯಿದೆ ತಂದರು. ಎಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳಕೂಡದು. ಎಂಟು ಅನ್ನೋದು ಇವತ್ತಿಗೆ ನಗೆಪಾಟಲು. ಅವತ್ತು ಅದಕ್ಕೂ ಮಡಿವಂತರು ಬೊಬ್ಬೆ ಹೊಡೆದರು. ಇವರು ಹಿಂದೆಗೆಯಲಿಲ್ಲ.

ಅದೇ ವರ್ಷದ ಕೊನೆಗೆ ಕುಟುಂಬದೊಂದಿಗೆ ಕಲ್ಕತ್ತೆಗೆ ಹೋದರು. ಗಂಟಲಮಾರಿ ಹಿಡಿಯಿತು, ಡಿಫ್ತೀರಿಯಾ. ಡಿಸೆಂಬರ್ 28ರಂದು ಮುಗಿಯಿತು. ವಯಸ್ಸು ಮೂವತ್ತೊಂದು. ಸಂಸ್ಕಾರವೂ ಅಲ್ಲೇ ಆಯಿತು. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ. ಅಪ್ಪನಿಗೆ ಬೆಂಗಳೂರಿನ ಮನೆ ಕೊಂಡಾಗ ಇದ್ದಷ್ಟೇ ವಯಸ್ಸು.

ಆ ಮನೆಗೆ ಆಮೇಲೆ ಬೇಕಾದಷ್ಟು ರಗಳೆ ಬಂತು. 1996ರಲ್ಲಿ ಸರ್ಕಾರ ಅರಮನೆ, ಮೈದಾನ ಎರಡನ್ನೂ ವಶಕ್ಕೆ ತಗೊಳ್ಳಲು ಕಾಯಿದೆ ಮಾಡಿತು, ರಾಜಮನೆತನ ಕೋರ್ಟಿಗೆ ಹೋಯಿತು. ದುರಸ್ತಿ ಮಾಡಿಸಿ 2005ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಜನರಿಗೆ ಬಾಗಿಲು ತೆಗೆದರು. ಟಿಕೆಟ್ ತಗೊಂಡು ಯಾರು ಬೇಕಾದರೂ ದರ್ಬಾರು ಹಾಲಿನ ಮೆಟ್ಟಿಲು ಹತ್ತಬಹುದು. ಆನೆಯ ತಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರೇ ಜಾಸ್ತಿ.

ವಿಧವೆ ರಾಣಿ ವಾಣಿವಿಲಾಸ ಸನ್ನಿಧಾನ ಮಗನ ಪರವಾಗಿ 1902ರ ತನಕ ರಾಜ್ಯ ನಡೆಸಿದರು. 1898ರಲ್ಲಿ ಅವರ ಆಡಳಿತದಲ್ಲೇ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟೆ ಕೆಲಸ ಶುರುವಾಗಿ 1907ಕ್ಕೆ ಮುಗಿಯಿತು. ವಾಣಿವಿಲಾಸ ಸಾಗರ ಅನ್ನೋದು ಅದನ್ನೇ, ಹಿರಿಯೂರಿನ ಪಕ್ಕದಲ್ಲಿ. ನಮ್ಮ ತಾಲ್ಲೂಕಿನ ಗಡಿಯಿಂದ ಅದು ಬೆಂಗಳೂರಿನ ಅರಮನೆಗಿಂತ ಎಷ್ಟೋ ಹತ್ತಿರ.