ಎಲಿಜಬೆತ್ ಕೆಕ್ಲಿ ಎಂಬಾಕೆಯ ಚರಿತ್ರೆ

ಉಪಕಾರ ಮಾಡುವದು ಐಶ್ವರ್ಯವಂತರ ಕೆಲಸವೆಂದೆಣಿಸಿ ನಮ್ಮಲ್ಲಿ ಅನೇಕರು ಸುಮ್ಮನಿರುತ್ತೇವೆ. ಹಾಗಲ್ಲವೆಂಬದನ್ನು ದಾಸಿಯಾಗಿ ಹುಟ್ಟಿದ ಒಬ್ಬ ಸ್ತ್ರೀಯಿಂದ ಕಲಿತುಕೊಳ್ಳೋಣ.

ಎಲಿಜಬೆತ್ ಕೆಕ್ಲಿಯು 1818ರಲ್ಲಿ ಅಮೇರಿಕ ದೇಶದ ವರ್ಜೀನಿಯ ಸೀಮೆಯಲ್ಲಿ ಜನಿಸಿದಳು. ಆಗ ಅಲ್ಲಿ ಕಪ್ಪು ಜನರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದರು. ಆಕೆಯು ಎಳೆಯ ಪ್ರಾಯದಲ್ಲಿಯೇ ಚಾಟಿಯ ಏಟು ತಿಂದಳು. ತಾಯಿಯಿಂದ ಹೊಲಿಗೆಯನ್ನೂ ಕಲಿತಳು. ಮುಂದೆ ಸೆಂಟ್ ಲೂಯಿಸ್ ಪಟ್ಟಣದಲ್ಲಿ ಆಕೆಯ ಸೂಜಿಯ ಗಳಿಕೆಯಿಂದಲೇ ಒಡೆಯನ ಮನೆಯ 17 ಮಂದಿ ಎರಡು ವರುಷಕ್ಕೂ ಹೆಚ್ಚು ಕಾಲ ಉಂಡರು. ತನ್ನನ್ನೂ ಮಗನನ್ನೂ ಬಿಡಿಸಿಕೊಳ್ಳುವದಕ್ಕೆ 1,200 ಡಾಲರ್ ಬೇಕಾಯಿತು. ಆಕೆಯಿಂದ ಬಟ್ಟೆ ಹೊಲಿಸುತ್ತಿದ್ದ ದೊರೆಸಾನಿಗಳು 1855ರಲ್ಲಿ ಆ ಹಣವನ್ನು ಕೂಡಿಸಿಕೊಟ್ಟರು. ಆಕೆಯು ಅದನ್ನು ಸಾಲವೆಂದೆಣಿಸಿ, ದುಡಿದು ತೀರಿಸಿದಳು. 1860ರಲ್ಲಿ ರಾಜಧಾನಿಯಾದ ವಾಷಿಂಗ್ಟನ್ ಪಟ್ಟಣಕ್ಕೆ ಬಂದು, ಮರುವರುಷ ಅಧ್ಯಕ್ಷ ಲಿಂಕನರ ಪತ್ನಿಗೆ ಉಡುಪು ಹೊಲಿಯುವವಳಾದಳು.

ಅದೇ 1861ರಲ್ಲಿ ದಾಸತ್ವದ ನಿಮಿತ್ತ ದೇಶದೊಳಗೆ ಯುದ್ಧವು ಹುಟ್ಟಿತು. ಆಗಸ್ಟ್ ತಿಂಗಳಲ್ಲಿ ಆಕೆಯ ಒಬ್ಬನೇ ಮಗನು ಮಿಸ್ಸೂರಿ ಸೀಮೆಯ ರಣರಂಗದಲ್ಲಿ ಮಡಿದನು. ದಕ್ಷಿಣದ ತೋಟಗಳಿಂದ ದಾಸರು ತಪ್ಪಿಸಿಕೊಂಡು ಗುಂಪುಗುಂಪಾಗಿ ಉತ್ತರದ ಸೈನ್ಯದ ಆಶ್ರಯಕ್ಕೆ ಓಡಿಬಂದರು. ಸೇನಾಪತಿಗಳು ಅವರನ್ನು ಯುದ್ಧದಲ್ಲಿ ವಶವಾದ ಸೊತ್ತೆಂದು ಕರೆದು, ಒಡೆಯರಿಗೆ ಹಿಂದಕ್ಕೆ ಕೊಡದೆ ಇಟ್ಟುಕೊಂಡರು. 1862ರ ಏಪ್ರಿಲಿನಲ್ಲಿ ವಾಷಿಂಗ್ಟನಿನಲ್ಲಿ ದಾಸತ್ವವು ರದ್ದಾಗಲು, ಅನೇಕರು ಅಲ್ಲಿಗೇ ಬಂದರು. ಬಿಡುಗಡೆಯು ಸಿಕ್ಕಿತು, ಆದರೆ ಅನ್ನವಿಲ್ಲ, ಕಂಬಳಿಯಿಲ್ಲ, ಗುರುತಿನವರಿಲ್ಲ. ಪಾಳೆಯಗಳಲ್ಲಿ ಚಳಿಯಿಂದಲೂ ರೋಗದಿಂದಲೂ ಬಹು ಮಂದಿ ಸತ್ತರು.

ಆ ಬೇಸಿಗೆಯಲ್ಲಿ ಬಿಳಿಯರು ಕಷ್ಟಪಡುವ ಸೈನಿಕರಿಗಾಗಿ ಉತ್ಸವ ನಡಿಸಿ ಹಣ ಕೂಡಿಸುವದನ್ನು ಕೆಕ್ಲಿಯು ಕಂಡಳು. ನಮ್ಮವರಿಗೋಸ್ಕರ ನಾವು ಯಾಕೆ ಹೀಗೆ ಮಾಡಬಾರದೆಂದು ಯೋಚಿಸಿ, ಮುಂದಿನ ಆದಿತ್ಯವಾರ ಸಭೆಯಲ್ಲಿ ಅದನ್ನು ತಿಳಿಸಿದಳು. ಎರಡು ವಾರಗಳೊಳಗೆ 40 ಮಂದಿ ಕೂಡಿ ಸಹಾಯ ಸಂಘವನ್ನು ಸ್ಥಾಪಿಸಿದರು. ಆಕೆಯೇ ಅದರ ಅಧ್ಯಕ್ಷಳು. ಲಿಂಕನರ ಪತ್ನಿಯು 200 ಡಾಲರ್ ಕೊಟ್ಟಳು. ತಾನೂ ದಾಸತ್ವದಿಂದ ತಪ್ಪಿಸಿಕೊಂಡಿದ್ದ ಫ್ರೆಡರಿಕ್ ಡಗ್ಲಸನು ಹಣ ಕೊಟ್ಟದ್ದಲ್ಲದೆ ಸಂಘಕ್ಕಾಗಿ ಉಪನ್ಯಾಸಗಳನ್ನೂ ಮಾಡಿದನು. ನ್ಯೂಯಾರ್ಕಿನ ಒಂದು ಹೊಟೇಲಿನಲ್ಲಿ ಊಟ ಬಡಿಸುವ ಕಪ್ಪು ಸೇವಕರು ತಮ್ಮೊಳಗೆ ಚಂದಾ ಎತ್ತಿದರು. ಬೋಸ್ಟನಿನಿಂದ 80ಕ್ಕೂ ಹೆಚ್ಚು ದೊಡ್ಡ ಪೆಟ್ಟಿಗೆಗಳಷ್ಟು ಸಾಮಾನು ಬಂತು. 1864ರಲ್ಲಿ ಆ ಸಂಘವು ಕಪ್ಪು ಸೈನಿಕರ ಸಹಾಯವನ್ನೂ ಕೈಕೊಂಡಿತು.

1868ರಲ್ಲಿ ಆಕೆಯು ಬರೆದ ಆತ್ಮಚರಿತ್ರೆಯಿಂದ ಲಿಂಕನರ ಪತ್ನಿಯ ಸ್ನೇಹವು ಮುರಿಯಿತು. ಹೊಲಿಗೆಯ ಕೆಲಸವೂ ಕಡಿಮೆಯಾಯಿತು. 1892ರಲ್ಲಿ ವಿಲ್ಬರ್‌ಫೋರ್ಸ್ ವಿದ್ಯಾಲಯದಲ್ಲಿ ಹೊಲಿಗೆ ಕಲಿಸಿದಳು. 1907ರಲ್ಲಿ ವಾಷಿಂಗ್ಟನಿನ ಅನಾಥಾಶ್ರಮವೊಂದರಲ್ಲಿ ಬಡವಳಾಗಿಯೇ ತೀರಿಕೊಂಡಳು.

ಪ್ರಿಯರೇ, ಈಕೆಯಲ್ಲಿ ಐಶ್ವರ್ಯವೆಲ್ಲಿತ್ತು? ಸೂಜಿ ಹಿಡಿದ ಕೈ ಮಾತ್ರ ಇತ್ತು. ತಾನು ಹೊತ್ತಿದ್ದ ನೊಗವನ್ನು ಆಕೆಯು ಮರೆಯಲಿಲ್ಲ. ನಾವು ಮನೆಯಲ್ಲಿ ತೆಗೆದಿಡುವ ಹಿಡಿ ಅಕ್ಕಿಯೂ ಕೂಡಿದರೆ ಮೂಟೆಯಾಗುತ್ತದೆಂಬದನ್ನು ಮರೆಯದಿರೋಣ.