ಅಮ್ಮ ಹಣ್ಣಿನ ಅಂಗಡಿಯಲ್ಲಿ, ಮಗ ಪೇಪರ್‌ನ ಮುಖಪುಟದಲ್ಲಿ: ಮಾರ್ಕ್ ಬೋಲನ್ ಬಾಳು

ಸೆಪ್ಟೆಂಬರ್ 16 ಬಂತು ಅಂದ್ರೆ ಲಂಡನ್‌ನ ಬಾರ್ನ್ಸ್‌ನಲ್ಲಿ ರಸ್ತೆ ಬದಿಯ ಒಂದು ಮರದ ಹತ್ತಿರ ಜನ ಹೂವು ಇಡೋಕೆ ಬರ್ತಾರೆ. 1977ರಲ್ಲಿ ಅದೇ ದಿನ ನಸುಕಿನಲ್ಲಿ ಅಲ್ಲಿ ಪ್ರಾಣ ಬಿಟ್ಟವನು ಮಾರ್ಕ್ ಬೋಲನ್, ಗ್ಲಾಮ್ ರಾಕ್ ಅನ್ನೋ ಸಂಗೀತದ ಅಲೆ ಎಬ್ಬಿಸಿದ ಹಾಡುಗಾರ. ಮೂವತ್ತು ತುಂಬೋಕೆ ಎರಡು ವಾರ ಬಾಕಿ ಇತ್ತು. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. ಆದ್ರೆ ಪೇಪರ್‌ನವರು ಒಬ್ಬ ಮನುಷ್ಯನನ್ನ ಹೇಗೆ ಎತ್ತಿ ಕೂರಿಸ್ತಾರೆ, ಆಮೇಲೆ ಹೇಗೆ ಕೆಳಗೆ ಇಳಿಸ್ತಾರೆ ಅನ್ನೋದಕ್ಕೆ ಇವನ ಬಾಳು ಒಳ್ಳೆ ಉದಾಹರಣೆ. ಸುದ್ದಿ ಬರೆಯೋ ನಾವೇ ಇದನ್ನ ಹೇಳಿಬಿಡೋದು ಒಳ್ಳೇದು.

ಹುಟ್ಟಿದ್ದು 1947ರ ಸೆಪ್ಟೆಂಬರ್ 30ರಂದು, ಲಂಡನ್‌ನ ಹ್ಯಾಕ್ನಿಯಲ್ಲಿ. ಮೂಲ ಹೆಸರು ಮಾರ್ಕ್ ಫೆಲ್ಡ್. ಅಪ್ಪ ಲಾರಿ ಡ್ರೈವರ್. ಅಮ್ಮ ಫಿಲ್ಲಿಸ್, ಸೋಹೋದ ಬರ್ವಿಕ್ ಬೀದಿ ಮಾರ್ಕೆಟ್‌ನಲ್ಲಿ ಹಣ್ಣಿನ ಅಂಗಡಿಯಲ್ಲಿ ದುಡೀತಿದ್ರು. ಅಮ್ಮನ ಜೊತೆ ಹುಡುಗನೂ ಅಲ್ಲಿಗೆ ಹೋಗ್ತಿದ್ದ. ಸಂತೆಯಲ್ಲಿ ಬೆಳೆದ ಮಕ್ಕಳಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಿಲ್ಲ: ಹೊಳೆಯೋ ಹಣ್ಣನ್ನ ಮುಂದೆ ಜೋಡಿಸಬೇಕು. ಬೋಲನ್ ಅದನ್ನ ಚೆನ್ನಾಗಿ ಕಲಿತಿದ್ದ ಅಂತ ಕಾಣುತ್ತೆ.

ಒಂಬತ್ತನೇ ವಯಸ್ಸಿಗೆ ಕೈಗೆ ಗಿಟಾರ್ ಬಂತು. ಆದ್ರೆ ಪೇಪರ್‌ನಲ್ಲಿ ಮೊದಲು ಬಂದಿದ್ದು ಹಾಡಿಂದ ಅಲ್ಲ, ಬಟ್ಟೆಯಿಂದ. 1962ರಲ್ಲಿ 'ಟೌನ್' ಅನ್ನೋ ಮ್ಯಾಗಜೀನ್ ಲಂಡನ್‌ನ ಶೋಕಿ ಹುಡುಗರ ಬಗ್ಗೆ ಒಂದು ಲೇಖನ ಹಾಕ್ತು. ಅದರಲ್ಲಿ ದರ್ಜಿ ಹೊಲಿದ ಸೂಟ್ ಹಾಕ್ಕೊಂಡು ನಿಂತಿದ್ದ ಈ ಹುಡುಗನಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಫೋಟೋ ತೆಗೆದವರು ಆಮೇಲೆ ಯುದ್ಧದ ಚಿತ್ರಗಳಿಂದ ಜಗತ್ತಿಗೆ ಪರಿಚಯವಾದ ಡಾನ್ ಮೆಕಲಿನ್.

1965ರಲ್ಲಿ ಮೊದಲ ರೆಕಾರ್ಡ್ 'ದಿ ವಿಝರ್ಡ್' ಬಂತು, ಓಡಲಿಲ್ಲ. ಅಷ್ಟರಲ್ಲಿ ಬೋಲನ್ ಅನ್ನೋ ಹೆಸರು ಬಂದಿತ್ತು. ಪ್ಯಾರಿಸ್‌ನಲ್ಲಿ ಒಬ್ಬ ಮಂತ್ರವಾದಿಯ ಮನೆಯಲ್ಲಿ ಇದ್ದು ಬಂದೆ ಅಂತ ಪತ್ರಕರ್ತರಿಗೆ ಕಥೆ ಹೇಳೋಕೆ ಶುರು ಮಾಡಿದ. ಎಷ್ಟು ದಿನ ಇದ್ದ ಅನ್ನೋದು ಒಂದೊಂದು ಸಲ ಒಂದೊಂದು ಥರ. ಬರೆಯೋರು ಹೆಚ್ಚು ಕೆದಕಲಿಲ್ಲ. ಒಳ್ಳೆ ಕಥೆ ಸಿಕ್ಕಾಗ ನಮ್ಮವರು ಕೆದಕೋದೂ ಕಡಿಮೆನೇ ಬಿಡಿ.

1967ರಲ್ಲಿ ಟೈರನೋಸಾರಸ್ ರೆಕ್ಸ್ ಅಂತ ಇಬ್ಬರ ತಂಡ ಕಟ್ಟಿದ. ಇವನದು ಗಿಟಾರ್, ಜೊತೆಗಾರ ಸ್ಟೀವ್ ಪೆರೆಗ್ರಿನ್ ಟುಕ್‌ನದು ಬೊಂಗೋ. ಕಂಬಳಿ ಹಾಸಿ ಕೂತು, ಯಕ್ಷಿ, ಕಾಡು, ಮಂತ್ರ ಅಂತ ಹಾಡ್ತಿದ್ರು. ಕೇಳೋರು ಉದ್ದ ಕೂದಲಿನ ಹಿಪ್ಪಿಗಳು. ರೇಡಿಯೋದಲ್ಲಿ ಜಾನ್ ಪೀಲ್ ಇವರನ್ನ ಮತ್ತೆ ಮತ್ತೆ ಹಾಕಿ ಬೆಳೆಸಿದ್ರು. ಸ್ನೇಹ ಗಟ್ಟಿಯಾಗಿತ್ತು.

1970ರ ಅಕ್ಟೋಬರ್‌ನಲ್ಲಿ ಎಲ್ಲಾ ಬದಲಾಯ್ತು. ತಂಡದ ಹೆಸರು ಟಿ. ರೆಕ್ಸ್ ಅಂತ ಗಿಡ್ಡ ಆಯ್ತು, ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್, ಜೊತೆಗೆ ಮಿಕಿ ಫಿನ್. 'ರೈಡ್ ಎ ವೈಟ್ ಸ್ವಾನ್' ಎರಡನೇ ಸ್ಥಾನಕ್ಕೆ ಹೋಯ್ತು.

ಈ ಸ್ಥಾನ ಹೇಗೆ ಲೆಕ್ಕ ಹಾಕ್ತಿದ್ರು ಅನ್ನೋದು ನಮ್ಮ ಅಂಗಡಿಯವರಿಗೆ ಇಷ್ಟ ಆಗಬಹುದು. 1969ರಿಂದ ಬಿಬಿಸಿಗೆ ಹೋಗೋ ಪಟ್ಟಿಗೆ ಸುಮಾರು 300 ರೆಕಾರ್ಡ್ ಅಂಗಡಿಗಳು ವಾರದ ವ್ಯಾಪಾರವನ್ನ ಒಂದು ಡೈರಿಯಲ್ಲಿ ಬರೆದು ಪೋಸ್ಟ್ ಮಾಡ್ತಿದ್ವು. ಅದನ್ನ ಕೂಡಿಸಿ ಪಟ್ಟಿ. ಮೆಲೊಡಿ ಮೇಕರ್, ಎನ್‌ಎಂಇ ಥರದ ವಾರಪತ್ರಿಕೆಗಳು ತಾವೇ ಅಂಗಡಿಗಳನ್ನ ಕೇಳಿ ತಮ್ಮದೇ ಪಟ್ಟಿ ಮಾಡ್ತಿದ್ವು. ಅಂದ್ರೆ ಕೌಂಟರ್ ಹಿಂದೆ ನಿಂತ ಹುಡುಗನ ಪೆನ್ನಿಂದ ಸ್ಟಾರ್ ಹುಟ್ಟಬೇಕಿತ್ತು.

1971ರ ಮಾರ್ಚ್‌ನಲ್ಲಿ 'ಹಾಟ್ ಲವ್' ಆರು ವಾರ ಒಂದನೇ ಸ್ಥಾನದಲ್ಲಿ ಕೂತಿತು. ಟಾಪ್ ಆಫ್ ದಿ ಪಾಪ್ಸ್ ಟಿವಿ ಕಾರ್ಯಕ್ರಮಕ್ಕೆ ಬೋಲನ್ ಸ್ಯಾಟಿನ್ ಅಂಗಿ ಹಾಕಿ, ಕಣ್ಣ ಕೆಳಗೆ ಚಮಕಿ ಹಚ್ಚಿಕೊಂಡು ಬಂದ. ಚೆಲೀಟಾ ಸೆಕುಂಡಾ ಅನ್ನೋರು ಹಚ್ಚಿದ್ದು ಅಂತಾರೆ. ಗಂಡಸು ಚಮಕಿ ಹಚ್ಚೋದಾ ಅಂತ ಅಪ್ಪಂದಿರು ಮುಖ ಸಿಂಡರಿಸಿದ್ರು, ಮಕ್ಕಳು ಮಾರನೇ ದಿನ ಅದನ್ನೇ ಹುಡುಕ್ಕೊಂಡು ಹೋದ್ರು. ಗ್ಲಾಮ್ ರಾಕ್ ಶುರುವಾಗಿದ್ದು ಇಲ್ಲಿಂದ ಅಂತ ಹೆಚ್ಚಿನವರ ಮಾತು.

ಅದೇ ವರ್ಷ 'ಗೆಟ್ ಇಟ್ ಆನ್', ಮುಂದಿನ ವರ್ಷ 'ಟೆಲಿಗ್ರಾಮ್ ಸ್ಯಾಮ್', 'ಮೆಟಲ್ ಗುರು', ಮೂರೂ ಒಂದನೇ ಸ್ಥಾನ. ಟೋನಿ ವಿಸ್ಕಾಂಟಿ ಮಾಡಿಕೊಟ್ಟ 'ಎಲೆಕ್ಟ್ರಿಕ್ ವಾರಿಯರ್' ಆಲ್ಬಮ್ಮೂ ಮೇಲಕ್ಕೇ ಹೋಯ್ತು. 1972ರ ಮಾರ್ಚ್ 18ರಂದು ವೆಂಬ್ಲಿಯಲ್ಲಿ ಒಂದೇ ದಿನ ಎರಡು ಶೋ. ಬೀಟಲ್ಸ್‌ನ ರಿಂಗೋ ಸ್ಟಾರ್ ಅದನ್ನ ಸಿನಿಮಾ ಮಾಡಿದ್ರು. ಹುಡುಗಿಯರ ಕಿರುಚಾಟಕ್ಕೆ ಪೇಪರ್‌ನವರು ಟಿ. ರೆಕ್ಸ್ಟಸಿ ಅಂತ ಹೊಸ ಹೆಸರೇ ಕಟ್ಟಿದ್ರು.

ಆದ್ರೆ ಏಟು ಬಿದ್ದಿದ್ದೂ ಆಗಲೇ. ಹಳೆ ಹಿಪ್ಪಿ ಅಭಿಮಾನಿಗಳು ದುಡ್ಡಿಗೆ ಮಾರಿಕೊಂಡ ಅಂದ್ರು. ಜಾನ್ ಪೀಲ್ 'ಗೆಟ್ ಇಟ್ ಆನ್' ಇಷ್ಟಪಡಲಿಲ್ಲ, ಸ್ನೇಹ ಅಲ್ಲಿಗೆ ತಣ್ಣಗಾಯ್ತು. ಬೋಲನ್‌ಗೆ ಇದು ನಾಟಿದ ಹಾಗೆ ಕಾಣುತ್ತೆ. ಗಂಭೀರ ವಿಮರ್ಶಕರ ಹತ್ರ ಕವಿ ಅನ್ನಿಸಿಕೊಳ್ಳಬೇಕು, ಹನ್ನೆರಡು ವರ್ಷದ ಮಕ್ಕಳ ಗೋಡೆ ಮೇಲೂ ಇರಬೇಕು. ಎರಡೂ ಗಿರಾಕಿ ಒಂದೇ ಅಂಗಡಿಗೆ ಬರಲ್ಲ ಅನ್ನೋದು ಮಾರ್ಕೆಟ್‌ನಲ್ಲಿ ಬೆಳೆದವನಿಗೆ ಯಾಕೋ ಹೊಳೆಯಲಿಲ್ಲ.

ಇನ್ನೊಂದು ಕಡೆಯಿಂದ ಡೇವಿಡ್ ಬೋವಿ ಬಂದ. ಇಬ್ಬರೂ ಹಳೇ ಗೆಳೆಯರು, ಹೆಸರಿಲ್ಲದ ದಿನಗಳಲ್ಲಿ ಒಬ್ಬನೇ ಮ್ಯಾನೇಜರ್ ಹತ್ರ ಇದ್ದವರು. ಬೋವಿಯ 1970ರ ಒಂದು ರೆಕಾರ್ಡ್‌ಗೆ ಗಿಟಾರ್ ನುಡಿಸಿದ್ದು ಇದೇ ಬೋಲನ್. 1972ರ ಜನವರಿಯಲ್ಲಿ ಬೋವಿ ಮೆಲೊಡಿ ಮೇಕರ್‌ಗೆ ಕೊಟ್ಟ ಸಂದರ್ಶನದಲ್ಲಿ ತಾನು ಸಲಿಂಗಿ ಅಂತ ಹೇಳಿಕೊಂಡ. ಆ ಕಾಲಕ್ಕೆ ಅದು ಸಿಡಿಲು. ಬರೆಯೋರಿಗೆ ಹೊಸ ಮುಖ ಸಿಕ್ತು, ಮುಂದೆ ಗಂಭೀರ ಲೇಖನಗಳೆಲ್ಲಾ ಆ ಕಡೆ ಹೊರಳಿದ್ವು.

ಇಲ್ಲಿ ಬೋಲನ್‌ದೂ ತಪ್ಪಿದೆ. ಒಂದೇ ಅಚ್ಚಿನ ಹಾಡು ಮತ್ತೆ ಮತ್ತೆ ಬಂತು. 1973ರ ಜೂನ್‌ನ 'ದಿ ಗ್ರೂವರ್' ಮೊದಲ ಹತ್ತರೊಳಗೆ ಬಂದ ಕೊನೆಯ ರೆಕಾರ್ಡ್. ಹೆಂಡತಿ ಜೂನ್ ಚೈಲ್ಡ್ ಜೊತೆ ಬೇರೆಯಾದ, ವಿಸ್ಕಾಂಟಿ ಬಿಟ್ಟು ಹೋದ್ರು, ಬ್ರಾಂದಿ ಮತ್ತು ಕೊಕೇನ್ ಸೇರಿಕೊಂಡ್ವು, ತೆರಿಗೆ ತಪ್ಪಿಸೋಕೆ ದೇಶ ಬಿಟ್ಟು ಓಡಾಡಿದ. ಮೈ ಬಂತು. ಕೆನ್ನೆಯ ಚಮಕಿಯನ್ನ ಹೊಗಳಿದ್ದ ಪತ್ರಿಕೆಗಳು ಈಗ ಅದೇ ಕೆನ್ನೆಯ ದಪ್ಪ ನೋಡಿ ಆಡಿಕೊಂಡ್ವು.

1975ರ ಸೆಪ್ಟೆಂಬರ್‌ನಲ್ಲಿ ಸಂಗಾತಿ ಗ್ಲೋರಿಯಾ ಜೋನ್ಸ್‌ಗೆ ಮಗ ರೋಲನ್ ಹುಟ್ಟಿದ. ಮಗು ಬಂದ ಮೇಲೆ ಬೋಲನ್ ನಿಧಾನವಾಗಿ ಎದ್ದ. ಕುಡಿತ ಕಡಿಮೆ ಮಾಡಿದ, ಮೈ ಇಳಿಸಿದ. 1977ರ ಹೊತ್ತಿಗೆ ಪಂಕ್ ಹುಡುಗರು ಬಂದು ಹಳೇ ಸ್ಟಾರ್‌ಗಳನ್ನೆಲ್ಲಾ ಬೈತಿದ್ರು. ಬೋಲನ್ ಮುನಿಸಿಕೊಳ್ಳಲಿಲ್ಲ, ಆ ಹುಡುಗರದೇ ಒಂದು ತಂಡ ದಿ ಡ್ಯಾಮ್ಡ್ ಅನ್ನ ತನ್ನ ಪ್ರವಾಸಕ್ಕೆ ಕರ್ಕೊಂಡು ಹೋದ. ರೆಕಾರ್ಡ್ ಮಿರರ್ ಪತ್ರಿಕೆಯಲ್ಲಿ ಅವನದೇ ಹೆಸರಿನ ಅಂಕಣ ಶುರುವಾಯ್ತು. ಇಷ್ಟು ವರ್ಷ ಬೇರೆಯವರು ಇವನ ಬಗ್ಗೆ ಬರೆದಿದ್ದು ಸಾಕಾಗಿ, ಈಗ ಹೊಸಬರ ಬಗ್ಗೆ ಅಭಿಪ್ರಾಯ ಹೇಳೋ ಸರದಿ ಇವನದು.

ಆಗಸ್ಟ್‌ನಲ್ಲಿ ಗ್ರನಾಡ ಟಿವಿಯಲ್ಲಿ 'ಮಾರ್ಕ್' ಅನ್ನೋ ಆರು ಕಂತಿನ ಕಾರ್ಯಕ್ರಮವೂ ಬಂತು, ಶಾಲೆ ಬಿಟ್ಟು ಬರೋ ಮಕ್ಕಳ ಹೊತ್ತಿಗೆ. ದಿ ಜ್ಯಾಮ್, ಜನರೇಶನ್ ಎಕ್ಸ್ ಥರದ ಹೊಸ ತಂಡಗಳಿಗೆ ಅಲ್ಲಿ ಜಾಗ ಕೊಟ್ಟ. ಕೊನೆಯ ಕಂತಿಗೆ ಬಂದ ಅತಿಥಿ ಬೋವಿ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಚಿತ್ರೀಕರಣ. ಇಬ್ಬರೂ ಸೇರಿ ಹಾಡೋಕೆ ಶುರು ಮಾಡಿದಾಗ ಬೋಲನ್ ಎಡವಿ ವೇದಿಕೆಯಿಂದ ಜಾರಿದ. ಬೋವಿ ನಕ್ಕ. ಸ್ಟುಡಿಯೋ ಸಮಯ ಮುಗಿದಿದ್ದರಿಂದ ಮತ್ತೆ ತೆಗೆಯಲಿಲ್ಲ.

ಕೆಲವೇ ದಿನಗಳ ಮೇಲೆ, 16ರ ನಸುಕಿನಲ್ಲಿ, ರೆಸ್ಟೋರೆಂಟ್‌ನಿಂದ ಮನೆಗೆ ವಾಪಸ್ ಬರುವಾಗ ಮಿನಿ ಕಾರು ಬಾರ್ನ್ಸ್ ಹತ್ರ ರಸ್ತೆ ಬಿಟ್ಟು ಮರದ ಕಡೆ ನುಗ್ಗಿತು. ಓಡಿಸ್ತಿದ್ದವರು ಗ್ಲೋರಿಯಾ. ಅವರಿಗೆ ಗಂಭೀರ ಗಾಯ, ಪಕ್ಕದಲ್ಲಿದ್ದ ಬೋಲನ್ ಉಳೀಲಿಲ್ಲ. ಬೋಲನ್ ಡ್ರೈವಿಂಗ್ ಕಲಿತೇ ಇರಲಿಲ್ಲ, ಆದ್ರೆ ಅವನ ಹಾಡುಗಳ ತುಂಬಾ ಕಾರುಗಳು.

ಗೋಲ್ಡರ್ಸ್ ಗ್ರೀನ್‌ನಲ್ಲಿ ಅಂತ್ಯಕ್ರಿಯೆ. ಬಿಳಿ ಹೂವಿನಲ್ಲಿ ಕಟ್ಟಿದ ದೊಡ್ಡ ಹಂಸ ಇಟ್ಟಿದ್ರು, ಬೋವಿಯೂ ಬಂದಿದ್ದ. ಸೆಪ್ಟೆಂಬರ್ 28ರಂದು ಆ ಕೊನೆಯ ಕಂತು ಟಿವಿಯಲ್ಲಿ ಬಂತು. ಶಾಲೆಯಿಂದ ಬಂದು ಕೂತ ಮಕ್ಕಳು ಬೋಲನ್ ಎಡವೋದನ್ನ, ಬೋವಿ ನಗೋದನ್ನ ನೋಡಿದ್ರು, ಅಷ್ಟಕ್ಕೇ ಹೆಸರುಗಳು ಓಡೋಕೆ ಶುರುವಾದ್ವು.