ಅಂಗೈಯ ಆಟಯಂತ್ರದ ಶಿಲ್ಪಿ ಗುಂಪೇ ಯೊಕೊಯಿ

ದೇಹಕ್ಕೆ ಅನ್ನ ಹೇಗೆ ಬೇಕೋ ಮನಸ್ಸಿಗೆ ಆಟವೂ ಹಾಗೆಯೇ ಬೇಕು. ಚೆನ್ನೆಮಣೆ, ಕುಂಟೆಬಿಲ್ಲೆ, ಚಿನ್ನಿದಾಂಡುಗಳ ಜೊತೆಗೆ ಇಂದು ವಿದ್ಯುನ್ಮಾನ ಆಟಗಳೂ ನಮ್ಮ ಮನೆಗಳನ್ನು ಹೊಕ್ಕಿವೆ. ಆಡುವವರು ಅನೇಕರು. ಆದರೆ ಅಂತಹ ಯಂತ್ರವನ್ನು ಮಕ್ಕಳ ಅಂಗೈಗೆ ತಂದವರು ಯಾರು, ಅದರೊಳಗಿನ ಆಟವನ್ನು ಯಾವ ಭಾಷೆಯಲ್ಲಿ ಬರೆದರು ಎಂದು ಕೇಳುವವರು ಕಡಿಮೆ. ಜಪಾನಿನ ಗುಂಪೇ ಯೊಕೊಯಿಯವರ ಜೀವನವನ್ನು ನೋಡಿದರೆ ಈ ಎರಡು ಪ್ರಶ್ನೆಗಳಿಗೂ ಉತ್ತರ ದೊರೆಯುತ್ತದೆ. ಆದ್ದರಿಂದಲೇ ಅವರನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆ ತಾಯಿಯರಿಗೂ ಪರಿಚಯಿಸಲು ಬಯಸುತ್ತೇವೆ.

ಯೊಕೊಯಿಯವರು 1941ರ ಸೆಪ್ಟೆಂಬರ್ 10ರಂದು ಕ್ಯೋಟೋ ನಗರದಲ್ಲಿ ಜನಿಸಿದರು. ಅದೇ ಊರಿನ ದೋಶಿಶ ವಿಶ್ವವಿದ್ಯಾಲಯದಲ್ಲಿ ವಿದ್ಯುನ್ಮಾನ ಶಾಸ್ತ್ರವನ್ನು ಓದಿ, 1965ರಲ್ಲಿ ನಿಂಟೆಂಡೊ ಸಂಸ್ಥೆಯನ್ನು ಸೇರಿದರು. 1889ರಲ್ಲಿ ಆರಂಭವಾದ ಆ ಸಂಸ್ಥೆ ಹನಫುದ ಎಂಬ ಹೂಚಿತ್ರಗಳ ಇಸ್ಪೀಟೆಲೆಗಳನ್ನು ತಯಾರಿಸುತ್ತಿತ್ತು. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಯೊಕೊಯಿಯವರ ಉದ್ಯೋಗ.

ಅವರು ಬಿಡುವಿನ ವೇಳೆಯಲ್ಲಿ ತಮ್ಮ ಸಂತೋಷಕ್ಕೆಂದು ಒಂದು ಆಟಿಕೆಯನ್ನು ಮಾಡಿಕೊಂಡಿದ್ದರು. ಅಂಗಡಿಗಳ ಮುಂದಿನ ಮಡಚುವ ಕಬ್ಬಿಣದ ಗೇಟನ್ನು ನಾವು ನೋಡಿದ್ದೇವಷ್ಟೆ? ಅದೇ ರೀತಿ ಅಡ್ಡಡ್ಡ ಪಟ್ಟಿಗಳನ್ನು ಜೋಡಿಸಿದ ಕೈ ಅದು. ಹಿಡಿಯನ್ನು ಅಮುಕಿದರೆ ಮುಂದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುತ್ತಿತ್ತು. ಕಾರ್ಖಾನೆಗೆ ಬಂದ ಅಧ್ಯಕ್ಷ ಹಿರೋಶಿ ಯಮವುಚಿಯವರ ಕಣ್ಣಿಗೆ ಅದು ಬಿತ್ತು. ಗದರಿಕೆಯ ಬದಲು ಬಂದದ್ದು, ಅದನ್ನೇ ಮಾರಾಟಕ್ಕೆ ಸಿದ್ಧಪಡಿಸಬೇಕೆಂಬ ಅಪ್ಪಣೆ! 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಬಂದ ಆ ಆಟಿಕೆ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯಂತ್ರ ರಿಪೇರಿಯ ನೌಕರರು ಆಟಿಕೆಗಳ ನಿರ್ಮಾಪಕರಾದರು.

ಮುಂದೆ ಒಮ್ಮೆ ಶಿಂಕಾನ್ಸೆನ್ ರೈಲಿನಲ್ಲಿ ಹೋಗುವಾಗ, ಬೇಸರಗೊಂಡ ಪ್ರಯಾಣಿಕನೊಬ್ಬ ಹೊತ್ತು ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತಿದ್ದುದನ್ನು ಯೊಕೊಯಿಯವರು ಕಂಡರು. ನೋಡಿದವರು ಸಾವಿರ ಮಂದಿ ಇರಬಹುದು. ಅದರಲ್ಲಿ ಆಟವನ್ನು ಕಂಡವರು ಇವರೊಬ್ಬರೇ. ಆ ಕಾಲಕ್ಕೆ ಕ್ಯಾಲ್ಕುಲೇಟರ್ ಕಂಪೆನಿಗಳ ಪೈಪೋಟಿಯಿಂದ ಅದರ ಚಿಪ್ಪು, ಪರದೆಗಳ ಬೆಲೆ ಬಹಳ ಇಳಿದಿತ್ತು. ಅವನ್ನೇ ಬಳಸಿ 1980ರಲ್ಲಿ ಗೇಮ್ ಅಂಡ್ ವಾಚ್ ಎಂಬ ಪುಟ್ಟ ಆಟಯಂತ್ರವನ್ನು ಹೊರತಂದರು. ಗಡಿಯಾರವೂ ಹೌದು, ಆಟವೂ ಹೌದು. ಈ ಸಾಲಿನ ಯಂತ್ರಗಳು ಒಟ್ಟು 4 ಕೋಟಿಗೂ ಹೆಚ್ಚು ಮಾರಾಟವಾದವು. 1982ರಲ್ಲಿ ಇವುಗಳಲ್ಲೊಂದಕ್ಕೆ ಅವರು ಅಳವಡಿಸಿದ ಕೂಡು ಚಿಹ್ನೆಯಾಕಾರದ ಗುಂಡಿ ಮುಂದೆ ಜಗತ್ತಿನ ಆಟಯಂತ್ರಗಳಿಗೆಲ್ಲ ಮಾದರಿಯಾಯಿತು.

ಇಲ್ಲಿ ಅವರ ವಿಚಾರಸರಣಿಯನ್ನು ನಾವು ಗಮನಿಸಬೇಕು. ಹೊಸದಾಗಿ ಬಂದ ತಂತ್ರ ದುಬಾರಿ. ಅದರ ಕುಂದುಗಳು ಯಾರಿಗೂ ಗೊತ್ತಿರುವುದಿಲ್ಲ. ಹಳೆಯದಾಗಿ ಪಳಗಿದ ತಂತ್ರ ಅಗ್ಗ. ಅದರ ಗುಣದೋಷಗಳೆಲ್ಲ ತಿಳಿದಿರುತ್ತವೆ. ಪಳಗಿದ ತಂತ್ರವನ್ನು ಯಾರೂ ಯೋಚಿಸದ ಉಪಯೋಗಕ್ಕೆ ತಿರುಗಿಸುವುದೇ ಜಾಣತನ ಎಂಬುದು ಅವರ ಸಿದ್ಧಾಂತವಾಗಿತ್ತು.

ಈ ಸಿದ್ಧಾಂತದ ದೊಡ್ಡ ಪರೀಕ್ಷೆ ನಡೆದದ್ದು 1989ರಲ್ಲಿ. ಸತೋರು ಒಕಾದ ಮೊದಲಾದ ಎಂಜಿನಿಯರರ ತಂಡದೊಡನೆ ಯೊಕೊಯಿಯವರು ಗೇಮ್ ಬಾಯ್ ಯಂತ್ರವನ್ನು ರೂಪಿಸಿದರು. ಪರದೆಯಲ್ಲಿ ಬಣ್ಣವಿಲ್ಲ, ನಾಲ್ಕು ಛಾಯೆಗಳು ಮಾತ್ರ. ಎದುರಾಳಿಗಳಾದ ಅಟಾರಿ ಲಿಂಕ್ಸ್ ಮತ್ತು ಸೇಗ ಗೇಮ್ ಗೇರ್ ಯಂತ್ರಗಳು ಬಣ್ಣಬಣ್ಣದ ಪರದೆಯೊಡನೆ ಬಂದವು. ಆದರೆ ಅವು ಆರು ಸೆಲ್ಲುಗಳನ್ನು ನುಂಗಿ ಐದಾರು ಗಂಟೆಯೊಳಗೆ ಆರಿಹೋಗುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಬೆಲೆಯೂ ಕಡಿಮೆ. ಮಕ್ಕಳ ಕಿಸೆಯನ್ನೂ ಹಿರಿಯರ ಕಿಸೆಯನ್ನೂ ಬಲ್ಲ ಯಂತ್ರವೇ ಕೊನೆಗೆ ಗೆದ್ದಿತು. ಮುಂದೆ ಬಂದ ಬಣ್ಣದ ಮಾದರಿಯೂ ಸೇರಿ 11 ಕೋಟಿಗೂ ಮಿಕ್ಕಿ ಯಂತ್ರಗಳು ಮಾರಾಟವಾದವು.

ಇನ್ನು ಭಾಷೆಯ ವಿಷಯ. ಯಂತ್ರಕ್ಕೆ ನಮ್ಮ ಮಾತು ತಿಳಿಯದು. ಅದಕ್ಕೆ ಆದೇಶ ಕೊಡಲು ಪ್ರೋಗ್ರಾಂ ಭಾಷೆಗಳಿವೆ. ಅವುಗಳಲ್ಲಿ ಎರಡು ಬಗೆ. 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದ ಸಿ ಭಾಷೆಯಂಥವು ಒಂದು ಬಗೆ. ಇವು ಮನುಷ್ಯನಿಗೆ ಸುಲಭ. ಆದರೆ ಕಂಪೈಲರ್ ಎಂಬ ದುಭಾಷಿಯ ಮೂಲಕ ಯಂತ್ರದ ಮಾತಿಗೆ ಅನುವಾದವಾಗಬೇಕು. ಅಸೆಂಬ್ಲಿ ಭಾಷೆ ಇನ್ನೊಂದು ಬಗೆ. ಇದು ಯಂತ್ರದ ಸ್ವಂತ ಮಾತಿಗೇ ಇಟ್ಟ ಚಿಕ್ಕ ಹೆಸರುಗಳ ಪಟ್ಟಿ. ಒಂದು ಸಾಲಿಗೆ ಒಂದೇ ಪುಟ್ಟ ಕೆಲಸ. ಬರೆಯಲು ಕಷ್ಟ, ಆದರೆ ಒಂದು ಕಾಳೂ ವ್ಯರ್ಥವಾಗದು.

ಗೇಮ್ ಬಾಯ್ ಯಂತ್ರದ ಮೆಮೊರಿ ಎಷ್ಟೆಂದು ಬಲ್ಲಿರಾ? ಕೆಲಸಕ್ಕೆ 8 ಕಿಲೋಬೈಟು, ಚಿತ್ರಕ್ಕೆ 8 ಕಿಲೋಬೈಟು. ಎಂಟು ಕಿಲೋಬೈಟೆಂದರೆ ಇಂಗ್ಲಿಷಿನ ಎಂಟು ಸಾವಿರ ಚಿಲ್ಲರೆ ಅಕ್ಷರಗಳಿಗೆ ಸಾಲುವಷ್ಟು ಜಾಗ. ಅದರ ಪ್ರೊಸೆಸರ್ ಸೆಕೆಂಡಿಗೆ ಸುಮಾರು 10 ಲಕ್ಷ ಸಣ್ಣ ಹೆಜ್ಜೆಗಳನ್ನು ಇಡಬಲ್ಲದು. ಪರದೆಯ ಚಿತ್ರವೋ ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗುತ್ತದೆ. ಭಾಗಿಸಿ ನೋಡಿದರೆ ಒಂದು ಚಿತ್ರಕ್ಕೆ ದೊರೆಯುವುದು ಸುಮಾರು 17 ಸಾವಿರ ಹೆಜ್ಜೆ. ಅಷ್ಟರೊಳಗೆ ಗುಂಡಿ ಒತ್ತಿದ್ದನ್ನು ತಿಳಿಯಬೇಕು, ಬೊಂಬೆಗಳನ್ನು ಸರಿಸಬೇಕು, ಸಂಗೀತ ನುಡಿಸಬೇಕು. ಗುಣಾಕಾರದ ಆದೇಶವಂತೂ ಆ ಪ್ರೊಸೆಸರಿಗೆ ಇಲ್ಲವೇ ಇಲ್ಲ! ಕೂಡುತ್ತ ಕೂಡುತ್ತ ಉತ್ತರ ಪಡೆಯಬೇಕು. ಆ ಕಾಲದ ದುಭಾಷಿಗಳು ಮಾಡುತ್ತಿದ್ದ ದುಂದುವೆಚ್ಚವನ್ನು ಇಷ್ಟು ಬಡ ಯಂತ್ರ ತಾಳಲಾರದು. ಆದ್ದರಿಂದ ಗೇಮ್ ಬಾಯ್ ಆಟಗಳನ್ನು ಸಾಮಾನ್ಯವಾಗಿ ಅಸೆಂಬ್ಲಿಯಲ್ಲೇ ಬರೆದರು. ಯಂತ್ರವನ್ನು ಅಗ್ಗವಾಗಿಸಿದ ಯೊಕೊಯಿಯವರ ತೀರ್ಮಾನವೇ ಭಾಷೆಯನ್ನೂ ನಿರ್ಧರಿಸಿತೆಂದು ಹೇಳಬಹುದು. ಬಳಸುವ ಮಗುವಿಗೆ ಹಣ ಉಳಿಯಿತು. ಅದಕ್ಕೆ ಬೆಲೆ ತೆತ್ತವರು ರಾತ್ರಿ ಹಗಲು ಬರೆದ ಪ್ರೋಗ್ರಾಂಕಾರರು.

ಅವರ ಶ್ರಮ ಎಂತಹದೆಂಬುದಕ್ಕೆ 1996ರ ಪೋಕೆಮಾನ್ ಆಟವೇ ಸಾಕ್ಷಿ. ಬರೆದು ಮುಗಿಸಿ, ಪರೀಕ್ಷೆಯ ಸಲಕರಣೆಗಳನ್ನು ತೆಗೆದಾಗ ಸುಮಾರು 300 ಬೈಟು ಜಾಗ ಉಳಿಯಿತು. ಅಷ್ಟರಲ್ಲೇ ಮ್ಯೂ ಎಂಬ 151ನೆಯ ಪ್ರಾಣಿಯನ್ನು ಸೇರಿಸಿದರು. ಚಿಂದಿ ಬಟ್ಟೆಯಿಂದ ಕೌದಿ ಹೊಲಿಯುವ ನಮ್ಮ ಅಜ್ಜಿಯರಿಗೆ ಈ ಜಾಣ್ಮೆ ಅರ್ಥವಾಗದಿರದು.

ಯೊಕೊಯಿಯವರ ಬಾಳಿನಲ್ಲಿ ಸೋಲೂ ಇತ್ತು. 1995ರಲ್ಲಿ ಬಂದ ಅವರ ವರ್ಚುವಲ್ ಬಾಯ್ ಯಂತ್ರದಲ್ಲಿ 32 ಬಿಟ್ಟಿನ ಬಲವಾದ ಪ್ರೊಸೆಸರ್ ಇತ್ತು. ಆದರೆ ಕೆಂಪು ಬಣ್ಣವೊಂದನ್ನೇ ತೋರಿಸುವ ಆ ಯಂತ್ರವನ್ನು ಮೇಜಿನ ಮೇಲಿಟ್ಟು ಬಗ್ಗಿ ನೋಡಬೇಕಾಗಿತ್ತು. ಕಣ್ಣು ನೋವು, ತಲೆನೋವು ಎಂದು ಜನ ದೂರಿದರು. ಮಾರಾಟ 8 ಲಕ್ಷವನ್ನೂ ಮುಟ್ಟಲಿಲ್ಲ. ಬಲವಿದ್ದರೆ ಸಾಲದು, ಬಳಸುವವನಿಗೆ ಹಿತವಾಗಬೇಕು ಎಂಬುದಕ್ಕೆ ಇದೇ ನಿದರ್ಶನ.

1996ರಲ್ಲಿ ಅವರು ನಿಂಟೆಂಡೊವನ್ನು ಬಿಟ್ಟು ಕೋತೋ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿದರು. ಬಂದಾಯಿ ಕಂಪೆನಿಗಾಗಿ ವಂಡರ್‌ಸ್ವಾನ್ ಎಂಬ ಹೊಸ ಯಂತ್ರದ ಕೆಲಸದಲ್ಲಿ ತೊಡಗಿದರು. ಅದು ಒಂದೇ ಸೆಲ್ಲಿನಿಂದ ನಡೆಯುವ ಯಂತ್ರ. ಆದರೆ ವಿಧಿ ಬೇರೆಯೇ ಆಗಿತ್ತು. 1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ನಡೆದ ವಾಹನ ಅಪಘಾತದಲ್ಲಿ, ತಮ್ಮ 56ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ವಂಡರ್‌ಸ್ವಾನ್ 1999ರಲ್ಲಿ ಹೊರಬಂದಿತು. ಅದರೊಡನೆ ಬಂದ ಒಂದು ಆಟಕ್ಕೆ ಅವರದೇ ಹೆಸರನ್ನಿಟ್ಟು ಗೌರವಿಸಿದರು. 2000ದಲ್ಲಿ ಸಾಮಾನ್ಯರೂ ಸಿ ಭಾಷೆಯಲ್ಲಿ ಆ ಯಂತ್ರಕ್ಕೆ ಆಟ ಬರೆಯುವಂತೆ ವಂಡರ್‌ವಿಚ್ ಎಂಬ ಸಲಕರಣೆಯೂ ಬಂದಿತು. ಯಂತ್ರ ಬಲವಾದಂತೆ ಸುಲಭದ ಭಾಷೆಗೆ ಬಾಗಿಲು ತೆರೆಯಿತು.

ವಿದ್ಯಾರ್ಥಿಗಳೇ, ಮುಂದೆ ನಿಮ್ಮಲ್ಲಿ ಕೆಲವರಾದರೂ ಆಟ ಆಡುವವರಾಗಿ ಮಾತ್ರ ಉಳಿಯದೆ ಆಟ ಕಟ್ಟುವವರಾಗಬೇಕೆಂಬುದು ನಮ್ಮ ಆಸೆ. ಗೇಮ್ ಬಾಯ್‌ಗೆ ಸಿ ಭಾಷೆಯಲ್ಲಿ ಬರೆಯಲು ಜಿಬಿಡಿಕೆ, ಅಸೆಂಬ್ಲಿಯಲ್ಲಿ ಬರೆಯಲು ಆರ್‌ಜಿಬಿಡಿಎಸ್ ಎಂಬ ಸಲಕರಣೆಗಳು ಇಂದು ಉಚಿತವಾಗಿ ದೊರೆಯುತ್ತವೆ. ಸಾಧಾರಣ ಗಣಕಯಂತ್ರವೊಂದಿದ್ದರೆ ಸಾಕು. ನಿಧಾನವಾಗಿ ಯೋಚಿಸಿ ಆಡುವ ಒಗಟಿನ ಆಟಕ್ಕೆ ಸಿ ಭಾಷೆಯೇ ಸಾಕು. ಹಲವು ಬೊಂಬೆಗಳು ಒಮ್ಮೆಲೇ ಓಡುವ ಆಟಕ್ಕೆ ಅಸೆಂಬ್ಲಿ ಬೇಕಾದೀತು. ಯಾವ ಭಾಷೆ ದೊಡ್ಡದೆಂದು ವಾದಿಸುವ ಮೊದಲು ಯಂತ್ರದ ಶಕ್ತಿ ಎಷ್ಟು, ಆಟಕ್ಕೆ ಬೇಕಾದದ್ದೇನು ಎಂದು ಅಳೆಯಿರಿ. ತಂದೆ ತಾಯಿಯರೂ ಮಕ್ಕಳಿಗೆ ಬೆಲೆಬಾಳುವ ಹೊಸ ಯಂತ್ರವಿಲ್ಲವೆಂದು ಕೊರಗಬೇಕಾಗಿಲ್ಲ. ಇದ್ದುದನ್ನು ಪೂರ್ತಿಯಾಗಿ ಅರಿತು ದುಡಿಸಿಕೊಂಡವನಿಗೆ ಹಳೆಯ ಸಾಧನವೂ ಹೊಸ ದಾರಿಯನ್ನು ತೋರಿಸುತ್ತದೆ ಎಂಬುದೇ ಯೊಕೊಯಿಯವರ ಬಾಳು ನಮಗೆ ಕಲಿಸುವ ಪಾಠ.